ನಾನು ಅಳೆದಿದ್ದು ಅಕೌಂಟ್ಸನ್ನೋ, ಮಕ್ಕಳ ನೆಟ್‌ವರ್ಕನ್ನೋ?

ಲೆಕ್ಕದ ಮೇಡಂ, ಕೋಲಾರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಬೇಜಾರು ಮಾಡಿಕೊಳ್ಳದೆ ಓದಿ.

ನಾನು ಕೋಲಾರ ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಬಿ.ಕಾಂಗೆ ಸೇರುವ ಎಲ್ಲರೂ ಪಿಯುಸಿಯಲ್ಲಿ ಕಾಮರ್ಸ್ ಓದಿರುವುದಿಲ್ಲ. ಸೈನ್ಸ್ ಬೇಡವೇ ಬೇಡ ಅಂತ ಓಡಿ ಬಂದವರು, ಆರ್ಟ್ಸ್‌ನಿಂದ ಬಂದವರು ತುಂಬಾ ಜನ. ಅವರಿಗೆ ಡೆಬಿಟ್, ಕ್ರೆಡಿಟ್ ಅಂದರೆ ಖಾತೆಯ ಎಡಬದಿ, ಬಲಬದಿ ಅಲ್ಲ, ಎಟಿಎಂ ಕಾರ್ಡು. ಇವರಿಗಾಗಿಯೇ ಹೋದ ಸೆಮಿಸ್ಟರ್ 8 ವಾರದ ಒಂದು ಆನ್‌ಲೈನ್ ಕೋರ್ಸ್ ಮಾಡಿದೆ. ವ್ಯವಹಾರ ಬರೆದಿಡುವ ಜರ್ನಲ್, ಅದನ್ನು ಖಾತೆವಾರು ಹಂಚುವ ಲೆಡ್ಜರ್, ಎರಡೂ ಕಡೆ ತಾಳೆ ನೋಡುವ ಟ್ರಯಲ್ ಬ್ಯಾಲೆನ್ಸ್ ಅಷ್ಟೇ. ಯಾರೂ ಮಾಡಿ ಅಂದಿರಲಿಲ್ಲ, ನನ್ನದೇ ಹುರುಪು.

62 ಮಂದಿ ಸೇರಿದರು. ಕೊನೆಯ ಟೆಸ್ಟ್ ಬರೆದವರು 23. ಪಾಸಾದವರು 14.

ಮೊದಲು ನನಗೆ ಸಿಟ್ಟು ಬಂತು. ರಾತ್ರಿ ಕೂತು ರೆಕಾರ್ಡ್ ಮಾಡಿದ್ದೆ ಅಲ್ವಾ, ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇಲ್ಲ ಅಂತ ಸ್ಟಾಫ್ ರೂಮಿನಲ್ಲಿ ಗೊಣಗಿದೆ. ಆಮೇಲೆ ಬಿಟ್ಟುಹೋದವರಿಗೆ, ಫೇಲಾದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಆಗ ಸಿಟ್ಟು ಇಳಿಯಿತು.

ಮುಳಬಾಗಿಲು ಕಡೆಯ ಒಬ್ಬ ಹುಡುಗಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಈಗ ಕಾಲೇಜಿನಲ್ಲಿ ಇಂಗ್ಲಿಷ್. ನೆಟ್‌ವರ್ಕ್ ಸಿಗುವುದು ಊರಾಚೆಯ ಕೆರೆ ಕಟ್ಟೆ ಮೇಲೆ. ನಾನು ಟೆಸ್ಟ್ ಇಟ್ಟಿದ್ದು ರಾತ್ರಿ 8 ಗಂಟೆಗೆ. ಆ ಹೊತ್ತಿನಲ್ಲಿ ಹೆಣ್ಣುಮಗುವನ್ನು ಕೆರೆ ಕಟ್ಟೆಗೆ ಯಾವ ಅಮ್ಮ ಕಳಿಸುತ್ತಾಳೆ? ಫೋನಿನಲ್ಲೇ ಅವಳಿಗೆ ನಾಲ್ಕು ಪ್ರಶ್ನೆ ಕೇಳಿದೆ. ನಾಲ್ಕಕ್ಕೂ ಸರಿಯಾಗಿ ಹೇಳಿದಳು. ನನ್ನ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಸೊನ್ನೆ ಇತ್ತು.

ಇನ್ನೊಬ್ಬ ಹುಡುಗ ಟೊಮೇಟೊ ಮಂಡಿಯಲ್ಲಿ ಪಟ್ಟಿ ಬರೆಯುವ ಕೆಲಸಕ್ಕೆ ಹೋಗುತ್ತಾನೆ. ಸೀಸನ್‌ನಲ್ಲಿ ಅವನಿಗೆ ಹಗಲು ಯಾವುದು, ರಾತ್ರಿ ಯಾವುದು ಗೊತ್ತಾಗುವುದಿಲ್ಲ. ದಿನಾ ನೂರಾರು ರೈತರ ಲೆಕ್ಕ ಬರೆಯುವ ಈ ಹುಡುಗ ನನ್ನ ಟೆಸ್ಟಿನಲ್ಲಿ 30ಕ್ಕೆ 9! ಕೆಜಿಎಫ್‌ನಿಂದ ಬರುವ ಇಬ್ಬರಿಗೆ ಮನೆಮಾತು ತಮಿಳು. ನರಸಾಪುರದ ಕಡೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಮಾಡಿಕೊಂಡು ಓದುವ ಒಬ್ಬ ತಾಯಿ ಇದ್ದಾರೆ. ಕಣ್ಣು ಮಂಜಾಗಿರುವ ಒಬ್ಬ ಹುಡುಗ, ಫೋನ್ ಓದಿ ಹೇಳಿದ್ದನ್ನು ಕೇಳಿಸಿಕೊಂಡು ಕಲಿಯುತ್ತಾನೆ. ಇವರೆಲ್ಲರಿಗೂ ನಾನು ಕೊಟ್ಟಿದ್ದು ಒಂದೇ. 40 ನಿಮಿಷದ ವಿಡಿಯೊ, ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯಲ್ಲಿ ಟೈಪ್ ಮಾಡಿದ ಪಿಡಿಎಫ್, 30 ನಿಮಿಷಕ್ಕೆ 30 ಪ್ರಶ್ನೆ, ಪರದೆ ಮೇಲೆ ಓಡುವ ಗಡಿಯಾರ.

ನಾನು ಕೇಳುವುದು ಇಷ್ಟು. ಇಂಥ ಕ್ಲಾಸಿಗೆ ಪಾಠ ಹೇಗೆ ಕಟ್ಟಬೇಕು? ಟೈಮರ್ ತೆಗೆದರೆ ಐದು ನಿಮಿಷದಲ್ಲಿ ಉತ್ತರ ವಾಟ್ಸ್ಆ್ಯಪ್ ಗ್ರೂಪಿಗೆ ಬರುತ್ತದೆ, ಅದಕ್ಕೆ ಏನು ಮಾಡುವುದು? ಮತ್ತೆ, ಕೋರ್ಸ್ ಚೆನ್ನಾಗಿತ್ತು ಅಂತ ನಾನು ಹೇಗೆ ತಿಳಿದುಕೊಳ್ಳಲಿ? ಕೊನೆಯಲ್ಲಿ ಫೀಡ್‌ಬ್ಯಾಕ್ ಫಾರಂ ಕೊಟ್ಟಿದ್ದೆ. 'ಸೂಪರ್ ಮೇಡಂ' ಅಂತ ಎಲ್ಲರೂ ಐದು ಸ್ಟಾರ್ ಒತ್ತಿದ್ದಾರೆ. ಬರೆದವರು ಉಳಿದುಕೊಂಡವರು ತಾನೇ. ಬಿಟ್ಟುಹೋದ 39 ಜನ ಸ್ಟಾರ್ ಕೊಡಲು ಅಲ್ಲಿರಲೇ ಇಲ್ಲ.

ಹಳೇ ಪೆನ್ನು, ಚಿಂತಾಮಣಿ

ಆನ್‌ಲೈನ್ ಪರೀಕ್ಷೆ ಅಂದರೇನೇ ಕಾಪಿ. ಇದಕ್ಕೆ ಔಷಧಿ ಇಲ್ಲ. ಸುಮ್ನೆ ಯಾಕೆ ಕಷ್ಟ ಪಡ್ತೀರಿ ಮೇಡಂ, ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ ಸ್ವಯಂನಲ್ಲಿ ಒಳ್ಳೊಳ್ಳೆ ಕೋರ್ಸ್ ಇವೆ. ಅಲ್ಲಿಗೆ ಸೇರಿಸಿ ಕೈತೊಳೆದುಕೊಳ್ಳಿ.

ಗಣಿತದ ಮೇಷ್ಟ್ರು, ಗೌರಿಬಿದನೂರು

ಮೇಲಿನವರ ಮಾತಿಗೆ ಒಂದು ತಿದ್ದುಪಡಿ. ಸ್ವಯಂ 2017ರಿಂದ ಇದೆ, ಒಳ್ಳೆಯದೇ. ಅವರೂ ಪೂರ್ತಿ ಆನ್‌ಲೈನನ್ನು ನಂಬಿ ಕೂತಿಲ್ಲ. ಡಿಗ್ರಿಗೆ ಲೆಕ್ಕಕ್ಕೆ ಬರುವ ಹೆಚ್ಚಿನ ಕ್ರೆಡಿಟ್ ಕೋರ್ಸ್‌ಗಳಲ್ಲಿ ಅಸೈನ್‌ಮೆಂಟಿಗೆ 30, ಸೆಂಟರಿಗೆ ಹೋಗಿ ಬರೆಯುವ ಪರೀಕ್ಷೆಗೆ 70 ಅನ್ನುವ ಲೆಕ್ಕ ಇಟ್ಟುಕೊಂಡಿದ್ದಾರೆ. ಆದರೆ ಮೇಡಂ ಹುಡುಗರಿಗೆ ಬೇಕಾಗಿರುವುದು ಸರ್ಟಿಫಿಕೇಟಲ್ಲ. ಸೆಮಿಸ್ಟರ್ ಪಾಠ ಅರ್ಥವಾಗುವಷ್ಟು ತಳಪಾಯ.

ಮೇಡಂ, ನಾನು ರಿಟೈರ್ ಆದ ಮನುಷ್ಯ. 30 ವರ್ಷ ಚಾಕ್‌ಪೀಸ್ ಹಿಡಿದವನು, ಕೋವಿಡ್‌ನಲ್ಲಿ ಮೊದಲ ಸಲ ಕ್ಯಾಮೆರಾ ನೋಡಿ ಬೆವೆತಿದ್ದೆ. ಆಗ ನಾನು ಮಾಡಿದ ತಪ್ಪನ್ನೇ ನೀವು ಈಗ ಮಾಡಿದ್ದೀರಿ. ಪಾಠ ಮೊದಲು ಮಾಡಿ, ಪರೀಕ್ಷೆಯನ್ನು ಕೊನೆಗೆ ಅಂಟಿಸಿದ್ದೀರಿ.

ಉಲ್ಟಾ ಮಾಡಿ. 8ನೇ ವಾರದ ಕೊನೆಗೆ ಆ ಮಂಡಿ ಹುಡುಗ ಏನು ಮಾಡಿ ತೋರಿಸಬೇಕು? ಅದನ್ನು ಒಂದು ಸಾಲಿನಲ್ಲಿ ಬರೆಯಿರಿ. 'ಜರ್ನಲ್ ಬಗ್ಗೆ ತಿಳಿಯುವುದು' ಅಂತ ಬರೆಯಬೇಡಿ. ತಿಳಿದಿದ್ದಾನೋ ಇಲ್ಲವೋ ಯಾರಿಗೆ ಕಾಣುತ್ತೆ? 'ಒಂದು ಸಣ್ಣ ಅಂಗಡಿಯ 15 ವ್ಯವಹಾರಗಳನ್ನು ಜರ್ನಲ್‌ಗೆ ಬರೆದು, ಲೆಡ್ಜರ್‌ಗೆ ಒಯ್ದು, ಟ್ರಯಲ್ ಬ್ಯಾಲೆನ್ಸ್ ತಾಳೆ ನೋಡುವುದು' ಅಂತ ಬರೆಯಿರಿ. ಈಗ ಹೇಳಿ, ಇದರಲ್ಲಿ 30 ನಿಮಿಷದ ಗಡಿಯಾರ ಎಲ್ಲಿದೆ? ಇಂಗ್ಲಿಷ್ ಎಲ್ಲಿದೆ? ರಾತ್ರಿ 8 ಗಂಟೆ ಎಲ್ಲಿದೆ? ಇವು ಯಾವುವೂ ನೀವು ಕಲಿಸಲು ಹೊರಟ ವಿಷಯ ಅಲ್ಲ. ಆದರೆ ನಿಮ್ಮ ಟೆಸ್ಟು ಇವನ್ನೇ ಅಳೆದು ಅಂಕ ಕೊಟ್ಟಿದೆ. ಸೇರು ಹಿಡಿದು ಬಟ್ಟೆ ಅಳೆದ ಹಾಗೆ.

ಡೆಬಿಟ್, ಕ್ರೆಡಿಟ್, ಲೆಡ್ಜರ್ ಇಂಗ್ಲಿಷಿನಲ್ಲೇ ಇರಲಿ, ಸೆಮಿಸ್ಟರ್ ಪರೀಕ್ಷೆಗೆ ಬೇಕು. ಪ್ರಶ್ನೆಯ ಉಳಿದ ಮಾತು ಕನ್ನಡದಲ್ಲಿರಲಿ. ಅವರು ತಮಿಳಿನಲ್ಲೋ ತೆಲುಗಿನಲ್ಲೋ ಗೆಳೆಯರಿಗೆ ವಿವರಿಸಿಕೊಂಡರೆ ತಡೆಯಬೇಡಿ. ಅದೇ ಕಲಿಕೆ.

ವಿಡಿಯೊ ಬಗ್ಗೆ. ಆನ್‌ಲೈನ್ ಪಾಠದ ತಾಣವಾದ ಎಡ್‌ಎಕ್ಸ್‌ ಕೋರ್ಸ್‌ಗಳಲ್ಲಿ ಜನ ವಿಡಿಯೊ ನೋಡಿದ 69 ಲಕ್ಷ ದಾಖಲೆಗಳನ್ನು ತೆಗೆದು 2014ರಲ್ಲಿ ಒಂದು ಅಧ್ಯಯನ ಮಾಡಿದ್ದರು. ವಿಡಿಯೊ ಎಷ್ಟೇ ಉದ್ದ ಇರಲಿ, ನಡುಮಟ್ಟದ ವಿದ್ಯಾರ್ಥಿ ನೋಡಿದ್ದು ಹೆಚ್ಚೆಂದರೆ 6 ನಿಮಿಷ. ನಿಮ್ಮ 40 ನಿಮಿಷದಲ್ಲಿ 34 ನಿಮಿಷ ಗೋಡೆಗೆ ಹೇಳಿದ ಹಾಗಾಯಿತು. ತುಂಡು ಮಾಡಿ. ಒಂದು ತುಂಡಿಗೆ ಒಂದೇ ವಿಷಯ. ತುಂಡು ಮುಗಿದ ಕೂಡಲೇ ಎರಡು ಪ್ರಶ್ನೆ, ಅಂಕ ಇಲ್ಲದೆ. ಇದನ್ನು ಯಾಕೆ ಒತ್ತಿ ಹೇಳ್ತೀನಿ ಅಂದರೆ, 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವವರು ಒಂದು ಪ್ರಯೋಗ ಮಾಡಿದರು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷ ಬಿಟ್ಟು ಕೇಳಿದಾಗ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದರೆ, ಓದಿದ್ದನ್ನು ನೆನಪಿನಿಂದ ಬರೆದು ನೋಡಿದವರೇ ಮುಂದು. ನಮ್ಮ ಕಾಲದ ಮಗ್ಗಿ ಒಪ್ಪಿಸುವಿಕೆಯನ್ನು ಹಳೇ ಪದ್ಧತಿ ಅಂತ ನಕ್ಕವರು ಇದನ್ನು ಓದಬೇಕು. ಇರಲಿ, ಅದು ಬೇರೆ ಜಗಳ.

ಕಿವಿಯಲ್ಲೇ ಓದುವವ, ತುಮಕೂರು

ಮೇಡಂ, ನನಗೆ ಕಣ್ಣು ಕಾಣಿಸುವುದಿಲ್ಲ. ಈ ಚರ್ಚೆಯನ್ನೂ ಫೋನಿನಲ್ಲಿ ಪರದೆ ಓದಿ ಹೇಳುವ ಟಾಕ್‌ಬ್ಯಾಕ್‌ನಲ್ಲೇ ಕೇಳುತ್ತಿದ್ದೇನೆ. ಆ ಹುಡುಗನ ವಿಷಯಕ್ಕೆ ಮಾತ್ರ ಬರೆಯುತ್ತೇನೆ.

'ನುಡಿಯಲ್ಲಿ ಟೈಪ್ ಮಾಡಿದ ಪಿಡಿಎಫ್' ಅಂದಿರಲ್ಲ, ಅಲ್ಲೇ ಅವನ ಕತೆ ಮುಗಿಯಿತು. ನುಡಿಯಲ್ಲಿ ಹಳೇ ಆಸ್ಕಿ ಫಾಂಟಿನಲ್ಲಿ ಹೊಡೆದಿದ್ದರೆ ಕಣ್ಣಿಗೆ ಕಾಣುವುದು ಕನ್ನಡ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಟಾಕ್‌ಬ್ಯಾಕ್ ಆಗಲಿ, ಕಂಪ್ಯೂಟರಿನಲ್ಲಿ ಅದೇ ಕೆಲಸ ಮಾಡುವ ಎನ್‌ವಿಡಿಎ ಆಗಲಿ ಆ ರಾಶಿಯನ್ನೇ ಓದುತ್ತವೆ. ನೀವು 'ಜಮಾ ಖರ್ಚು' ಅಂತ ಬರೆದಿರುತ್ತೀರಿ, ನಮ್ಮ ಕಿವಿಗೆ ಬೀಳುವುದು ಭೂತ ಬಡಿದವರ ಮಾತು. ನಾನು ಪಿಯುಸಿಯಲ್ಲಿ ಇಂಥ ನೋಟ್ಸ್ ಇಟ್ಟುಕೊಂಡು ಅತ್ತಿದ್ದೇನೆ. ಒಳಗೂ ಕನ್ನಡ ಅಕ್ಷರವೇ ಉಳಿಯುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯದನ್ನು ಬದಲಿಸುವ ಕನ್ವರ್ಟರ್‌ಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಒಮ್ಮೆ ನೋಡಿಕೊಳ್ಳಿ, ಅಲ್ಲಿ ಎಡವುತ್ತದೆ.

ಎರಡನೆಯದು, ಲೆಡ್ಜರಿನ ಫೋಟೊ ತೆಗೆದು ಹಾಕಬೇಡಿ. ಫೋಟೊ ನಮಗೆ ಬರೀ 'ಚಿತ್ರ' ಅಂತ ಕೇಳಿಸುತ್ತದೆ. ಟೇಬಲ್ ಆಗಿಯೇ ಹಾಕಿ, ಮೇಲಿನ ಸಾಲಿನಲ್ಲಿ ತಲೆಬರಹ ಇರಲಿ, ಎರಡು ಮನೆಗಳನ್ನು ಸೇರಿಸಿ ಒಂದು ಮಾಡಬೇಡಿ. ಮೂರನೆಯದು ಖರ್ಚೇ ಇಲ್ಲದ ಕೆಲಸ. ವಿಡಿಯೊದಲ್ಲಿ 'ಇದನ್ನು ಇಲ್ಲಿಗೆ ತಂದು ಇಲ್ಲಿ ಬರೀರಿ' ಅನ್ನಬೇಡಿ. 'ಬಾಡಿಗೆ 2,000 ರೂಪಾಯಿಯನ್ನು ಡೆಬಿಟ್ ಕಡೆ ಬರೀರಿ' ಅನ್ನಿ. ಇದರಿಂದ ಕಣ್ಣಿದ್ದವರಿಗೂ ಲಾಭ. ಸಣ್ಣ ಪರದೆಯಲ್ಲಿ ನಿಮ್ಮ ಬೆರಳು ಎಲ್ಲಿದೆ ಅಂತ ಯಾರಿಗೆ ಕಾಣುತ್ತೆ? ತಪ್ಪಿಗೆ ಕೆಂಪು, ಸರಿಗೆ ಹಸಿರು ಹಾಕುವ ಅಭ್ಯಾಸ ಇದ್ದರೆ ಪಕ್ಕದಲ್ಲಿ 'ತಪ್ಪು', 'ಸರಿ' ಅಂತ ಅಕ್ಷರದಲ್ಲೂ ಬರೆಯಿರಿ.

ಇನ್ನು ಹೊತ್ತು. ಬರೆದುಕೊಡುವವರ ನೆರವು ಬೇಕಾದವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕು ಅಂತ ಕೇಂದ್ರ ಸರ್ಕಾರ 2018ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಆನ್‌ಲೈನ್ ಫಾರಂ ಮಾಡುವಾಗ ಇದು ಯಾರಿಗೂ ನೆನಪಾಗುವುದಿಲ್ಲ. ಓಡುವ ಗಡಿಯಾರ ಇನ್ನೊಂದು ಕಾಟ. ಕೆಲವು ಸೈಟುಗಳಲ್ಲಿ ಅದು ಬದಲಾದಾಗಲೆಲ್ಲ ಟಾಕ್‌ಬ್ಯಾಕ್ ನಡುವೆ ಬಾಯಿ ಹಾಕಿ 'ಹನ್ನೆರಡು ನಿಮಿಷ, ಹನ್ನೊಂದು ನಿಮಿಷ' ಅನ್ನುತ್ತಾ ಪ್ರಶ್ನೆಯನ್ನೇ ನುಂಗಿಬಿಡುತ್ತದೆ.

ಪಾವಗಡದ ಹುಡುಗಿ

ನಾನು ಇನ್ನೂ ಓದುತ್ತಿದ್ದೇನೆ, ಸೆಕೆಂಡ್ ಇಯರ್. ಟೀಚರ್‌ಗಳ ನಡುವೆ ಮಾತಾಡಬಹುದಾ?

ನಮ್ಮ ಮನೆಯಲ್ಲಿ ಒಂದೇ ಫೋನು, ಅದು ಅಪ್ಪನದು. ಅವರು ಹೊಲದಿಂದ ಬರುವ ತನಕ ನನಗೆ ಕ್ಲಾಸಿಲ್ಲ. ಬಂದ ಮೇಲೆ ತಮ್ಮನಿಗೂ ಬೇಕು. ದಿನದ ಡೇಟಾ ಅಷ್ಟೊತ್ತಿಗೆ ಖಾಲಿ. ಅದಕ್ಕೆ ಮೇಡಂ, ವಿಡಿಯೊ ಜೊತೆ ಅದರ ಆಡಿಯೊ ಒಂದೇ ಬೇರೆ ಕೊಡಿ. ನಮ್ಮ ಸಾರ್ ಒಬ್ಬರು ಹಾಗೆ ಮಾಡುತ್ತಿದ್ದರು. ಆಡಿಯೊ ಗುಣಮಟ್ಟ ಇಳಿಸಿ 32 ಕೆಬಿಪಿಎಸ್‌ನಲ್ಲಿ ಇಟ್ಟರೆ 6 ನಿಮಿಷದ ಮಾತು ಒಂದೂವರೆ ಎಂಬಿಯೂ ಆಗುವುದಿಲ್ಲ. ಬಸ್ಸಿನಲ್ಲಿ ಕೇಳಿಕೊಂಡು ಹೋಗುತ್ತಿದ್ದೆ.

ಆಮೇಲೆ, ಗ್ರೂಪಿನಲ್ಲಿ 'ಡೌಟ್ ಇದ್ದರೆ ಕೇಳಿ' ಅನ್ನುತ್ತೀರಿ. 60 ಜನರ ಮುಂದೆ ಕೇಳೋಕೆ ನಾಚಿಕೆ ಆಗುತ್ತೆ. ತಪ್ಪು ಕನ್ನಡ ಬರೆದರೆ ಯಾರೋ ನಗುವ ಸ್ಟಿಕ್ಕರ್ ಹಾಕುತ್ತಾರೆ. ಐದೈದು ಜನರ ಸಣ್ಣ ಗುಂಪಾದರೆ ಕೇಳ್ತೀವಿ. ಹೆಸರು ಹಾಕದೆ ಕೇಳುವ ಫಾರಂ ಇದ್ದರೆ ಇನ್ನೂ ಕೇಳ್ತೀವಿ. ಡೆಡ್‌ಲೈನ್ ರಾತ್ರಿ 12 ಗಂಟೆ ಅಂತ ಇಡಬೇಡಿ, ಭಾನುವಾರ ಸಂಜೆ ತನಕ ಇಡಿ. ಅಷ್ಟೇ.

ಪ್ರಶ್ನೆಪತ್ರಿಕೆ, ಶಿಡ್ಲಘಟ್ಟ

ಕಾಪಿ ವಿಷಯ ನನಗೆ ಬಿಡಿ. ನಾನು ವರ್ಷಗಟ್ಟಲೆ ಪ್ರಶ್ನೆ ತೆಗೆಯುವ ಕೆಲಸ ಮಾಡಿದವನು.

ಎಲ್ಲರಿಗೂ ಒಂದೇ ಉತ್ತರ ಇದ್ದರೆ ತಾನೇ ಗ್ರೂಪಿಗೆ ಹಾಕೋದು? ರೋಲ್ ನಂಬರಿನ ಕೊನೆಯ ಎರಡು ಅಂಕಿಯ ಹಿಂದೆ 1 ಸೇರಿಸಿ. 47 ಆದರೆ 147. ಅವನ ಅಂಗಡಿಯ ಬಂಡವಾಳ 1,47,000 ರೂಪಾಯಿ. ಪಕ್ಕದವಳು 52 ಆದರೆ 1,52,000. ಮಿಕ್ಕ ವ್ಯವಹಾರ ಎಲ್ಲರಿಗೂ ಒಂದೇ ಇರಲಿ, ಕೊನೆಗೆ ಟ್ರಯಲ್ ಬ್ಯಾಲೆನ್ಸ್ ಮೊತ್ತ ಒಬ್ಬೊಬ್ಬರದು ಒಂದೊಂದು. ನೀವು ಎಕ್ಸೆಲ್‌ನಲ್ಲಿ ಒಮ್ಮೆ ಸೂತ್ರ ಹಾಕಿಟ್ಟರೆ 62 ಉತ್ತರ ಒಂದೇ ಏಟಿಗೆ ಬರುತ್ತೆ. ಕಾಲೇಜಿನಲ್ಲಿ ಆನ್‌ಲೈನ್ ಪಾಠ, ಪರೀಕ್ಷೆ ನಡೆಸುವ ಮೂಡಲ್ ತಂತ್ರಾಂಶ ಇದ್ದರೆ ಸಂಖ್ಯೆ ಬದಲಿಸಿ ಕೊಡುವ ಕೆಲಸವನ್ನು ಅದೇ ಮಾಡುತ್ತದೆ. ಪುಸ್ತಕ ನೋಡಿಕೊಂಡೇ ಬರೀಲಿ, ಎರಡು ದಿನ ತಗೊಳ್ಳಲಿ. ಜೊತೆಗೆ ಎರಡು ನಿಮಿಷದ ವಾಯ್ಸ್ ನೋಟ್. 'ಮೂರನೇ ಎಂಟ್ರಿಯಲ್ಲಿ ಡೆಬಿಟ್ ಯಾಕೆ ಆ ಕಡೆ ಹೋಯಿತು?' ಯಾವ ಎಂಟ್ರಿ ಅಂತ ನೀವು ಚೀಟಿ ಎತ್ತಿ ಹೇಳಿ. ಕಾಪಿ ಹೊಡೆದವನು ಅಲ್ಲಿ ತಡವರಿಸುತ್ತಾನೆ.

ಅಂಕ ಹೇಗೆ ಕೊಡ್ತೀರಿ ಅಂತ ಮೊದಲೇ ಹೇಳಿಬಿಡಿ. ಹತ್ತು ಅಂಕದಲ್ಲಿ ಸರಿಯಾದ ಖಾತೆ, ಸರಿಯಾದ ಕಡೆಗೆ 4, ಕಾರಣ ಹೇಳಿದ್ದಕ್ಕೆ 4, ಮೊತ್ತ ಮತ್ತು ಕೂಡುವಿಕೆಗೆ 2. ಇಂಗ್ಲಿಷ್ ಕಾಗುಣಿತಕ್ಕೆ ಸೊನ್ನೆ, ಅಂದರೆ ಕಳೆಯುವುದೂ ಇಲ್ಲ.

ಕೋರ್ಸ್ ಚೆನ್ನಾಗಿತ್ತಾ ಅಂತ ಸ್ಟಾರ್ ಕೇಳಬೇಡಿ. ಮೊದಲ ದಿನ ಹತ್ತು ಪ್ರಶ್ನೆ ಕೊಡಿ, ಕೊನೇ ದಿನ ಅದೇ ಮಾದರಿಯ ಹತ್ತು. ವ್ಯತ್ಯಾಸ ನೋಡಿ. ಯಾವ ವಾರ ಎಷ್ಟು ಜನ ಉದುರಿದರು ಅಂತ ಬರೆದಿಟ್ಟುಕೊಳ್ಳಿ.

ಇನ್ನೊಂದು ಕೆಲಸ ಈಗಲೇ ಮಾಡಬಹುದು. ಆ 23 ಉತ್ತರಪತ್ರಿಕೆ ಇದೆಯಲ್ಲ, ಒಟ್ಟು ಅಂಕದ ಮೇಲೆ ಜೋಡಿಸಿ. ದೊಡ್ಡ ಕ್ಲಾಸಿದ್ದರೆ ಮೇಲಿನ 27 ಪರ್ಸೆಂಟ್, ಕೆಳಗಿನ 27 ಪರ್ಸೆಂಟ್ ತೆಗೆಯುವುದು ರೂಢಿ. ನಿಮ್ಮದು ಸಣ್ಣದು, ಅರ್ಧ ಅರ್ಧ ಮಾಡಿ. ಒಂದೊಂದು ಪ್ರಶ್ನೆಗೂ ಮೇಲಿನವರು ಎಷ್ಟು ಜನ ಸರಿ, ಕೆಳಗಿನವರು ಎಷ್ಟು ಜನ ಸರಿ ಅಂತ ಎಣಿಸಿ. ಕೆಳಗಿನವರು ಸರಿ ಮಾಡಿ, ಮೇಲಿನವರು ತಪ್ಪು ಮಾಡಿದ ಪ್ರಶ್ನೆ ಸಿಕ್ಕರೆ ತಪ್ಪು ಹುಡುಗರದಲ್ಲ. ಪ್ರಶ್ನೆಯದು.

ಲೆಕ್ಕದ ಮೇಡಂ, ಕೋಲಾರ

ಶಿಡ್ಲಘಟ್ಟದ ಸಾರ್, ನಿನ್ನೆ ರಾತ್ರಿ ಕೂತು ಎಣಿಸಿದೆ. 17ನೇ ಪ್ರಶ್ನೆ ಸಿಕ್ಕಿಬಿತ್ತು! ಮೇಲಿನ 12 ಜನರಲ್ಲಿ ಸರಿ ಮಾಡಿದವರು 3. ಕೆಳಗಿನ 11 ಜನರಲ್ಲಿ 7.

ಪ್ರಶ್ನೆ ಇದು. 'ಬ್ಯಾಂಕಿಗೆ 5,000 ರೂ. ನಗದು ಕಟ್ಟಲಾಯಿತು. ಬ್ಯಾಂಕ್ ಖಾತೆ ಡೆಬಿಟ್ಟೋ ಕ್ರೆಡಿಟ್ಟೋ?' ಉತ್ತರ ಡೆಬಿಟ್ ಅಂತ ನಾನು ಇಟ್ಟಿದ್ದೆ. ಚೆನ್ನಾಗಿ ಮಾಡಿದವರಲ್ಲಿ ಹೆಚ್ಚಿನವರು ಕ್ರೆಡಿಟ್ ಅಂದಿದ್ದಾರೆ. ಯಾಕೆ ಅಂತ, ಹಾಗೇ ಬರೆದಿದ್ದ ಮಂಡಿ ಹುಡುಗನನ್ನೇ ಕೇಳಿದೆ. 'ಮೇಡಂ, ಪಾಸ್‌ಬುಕ್ ನೋಡಿ. ದುಡ್ಡು ಕಟ್ಟಿದರೆ ಕ್ರೆಡಿಟ್ ಅಂತ ಮೆಸೇಜ್ ಬರಲ್ವಾ?' ಅಂದ.

ನನಗೆ ಮಾತೇ ಹೊರಡಲಿಲ್ಲ. ಪಾಸ್‌ಬುಕ್ ಬ್ಯಾಂಕಿನವರ ಪುಸ್ತಕದ ನಕಲು. ನಾವು ಕಟ್ಟಿದ ದುಡ್ಡು ಅವರಿಗೆ ಸಾಲ, ನಮಗೆ ವಾಪಸ್ ಕೊಡಬೇಕಾದ್ದು. ಅದಕ್ಕೆ ಅವರ ಪುಸ್ತಕದಲ್ಲಿ ನಮ್ಮ ಖಾತೆಗೆ ಕ್ರೆಡಿಟ್. ಅದೇ 5,000 ನಮ್ಮ ಅಂಗಡಿಯ ಪುಸ್ತಕದಲ್ಲಿ ನಮ್ಮ ಆಸ್ತಿ, ಅದಕ್ಕೆ ಬ್ಯಾಂಕ್ ಖಾತೆ ಡೆಬಿಟ್. ನನ್ನ ಪ್ರಶ್ನೆಯಲ್ಲಿ 'ಯಾರ ಪುಸ್ತಕದಲ್ಲಿ' ಅಂತಲೇ ಇರಲಿಲ್ಲ. ಬದುಕಿನಲ್ಲಿ ಬ್ಯಾಂಕ್ ಕಂಡವನು ತಪ್ಪಾದ. ಬ್ಯಾಂಕ್ ಗೊತ್ತಿಲ್ಲದೆ ನನ್ನ ಸೂತ್ರ ಉರು ಹೊಡೆದವನು ಸರಿಯಾದ. ಹದಿನೈದು ವರ್ಷದಿಂದ ಇದೇ ಪ್ರಶ್ನೆ ಕೊಡುತ್ತಾ ಬಂದಿದ್ದೇನೆ, ಹೇಳಿಕೊಳ್ಳಲು ನಾಚಿಕೆ.

ಚಿಂತಾಮಣಿ ಸಾರ್, ಕೈತೊಳೆದುಕೊಳ್ಳುವುದಿಲ್ಲ. ಮತ್ತೆ ಮಾಡುತ್ತೇನೆ. ಸೆಮಿಸ್ಟರ್ ಶುರುವಾದ ಮೇಲೆ ಬಂದು ಹೇಳುತ್ತೇನೆ.

ಲೆಕ್ಕದ ಮೇಡಂ, ಕೋಲಾರ

ಹೇಳಿದ ಹಾಗೆ ಬಂದೆ. ಹೊಸ ಬ್ಯಾಚಿಗೆ ಈಗ 6 ವಾರ ಆಗಿದೆ. 58 ಜನ ಸೇರಿದ್ದರು, ಈ ವಾರ ಕೆಲಸ ಕಳಿಸಿದವರು 44. ಹಳೇ ಬ್ಯಾಚಿನ ಮಂಡಿ ಹುಡುಗ ಮತ್ತು ಕೆರೆ ಕಟ್ಟೆ ಹುಡುಗಿ ತಾವಾಗಿಯೇ ಮತ್ತೆ ಸೇರಿದ್ದಾರೆ.

ವಿಡಿಯೊ ಎಲ್ಲಾ 5, 6 ನಿಮಿಷಕ್ಕೆ ಬಂದಿವೆ. ಕತ್ತರಿಸುವಾಗ ಗೊತ್ತಾಯಿತು, ಹಳೇ ವಿಡಿಯೊದಲ್ಲಿ ಮೊದಲ 7 ನಿಮಿಷ ನಾನು ಬರೀ 'ಕೇಳಿಸ್ತಿದೆಯಾ' ಅಂತಲೂ ಹಿಂದಿನ ಪಾಠದ ಪುರಾಣವನ್ನೂ ಹೇಳಿದ್ದೆ. ಪಾವಗಡದ ಹುಡುಗಿಯ ಮಾತಿನಂತೆ ಆಡಿಯೊ ಬೇರೆ ಕೊಟ್ಟೆ. ಫ್ಯಾಕ್ಟರಿಗೆ ಹೋಗುವ ತಾಯಿ ವಿಡಿಯೊ ತೆರೆದೇ ಇಲ್ಲ, ಆಡಿಯೊ ಮಾತ್ರ ಕೇಳಿ ಎಲ್ಲಾ ಕೆಲಸ ಕಳಿಸುತ್ತಿದ್ದಾರೆ. ಐದೈದು ಜನರ ಗುಂಪು ಎಲ್ಲಾ ಕಡೆ ನಡೆಯಲಿಲ್ಲ. ಎರಡು ಗುಂಪುಗಳಲ್ಲಿ ಬರೀ ಗುಡ್ ಮಾರ್ನಿಂಗ್ ಫೋಟೊ.

ಪುಸ್ತಕದ ಉದಾಹರಣೆಗಳನ್ನು ಬಿಟ್ಟುಬಿಟ್ಟೆ. ಮನೆಯ ಹತ್ತಿರ ಸಿಗುವ ಒಂದು ಲೆಕ್ಕದ ಚೀಟಿ ತನ್ನಿ, ಹೆಸರು ಮುಚ್ಚಿ ತನ್ನಿ ಅಂದೆ. ಹಾಲಿನ ಡೇರಿ ಚೀಟಿ ಬಂತು, ಕಿರಾಣಿ ಅಂಗಡಿಯ ಸಾಲದ ಪುಸ್ತಕ ಬಂತು, ಶ್ರೀನಿವಾಸಪುರದಿಂದ ಮಾವಿನ ತೋಟ ಗುತ್ತಿಗೆ ಕೊಟ್ಟ ಕಾಗದವೂ ಬಂತು. ಮಂಡಿ ಹುಡುಗ ಟೊಮೇಟೊ ಪಟ್ಟಿ ತಂದ. 15 ಕೆ.ಜಿ. ಬಾಕ್ಸು 40, ಬಾಕ್ಸಿಗೆ 300 ರೂ., ಒಟ್ಟು 12,000. ಕಮಿಷನ್, ಹಮಾಲಿ, ಗಾಡಿ ಬಾಡಿಗೆ ಸೇರಿ 1,350 ಕಳೆದು ರೈತನ ಕೈಗೆ 10,650. ಇದನ್ನೇ ರೈತನ ಪುಸ್ತಕದಲ್ಲಿ ಒಮ್ಮೆ, ಮಂಡಿಯವರ ಪುಸ್ತಕದಲ್ಲಿ ಒಮ್ಮೆ ಬರೆಯಲು ಹೇಳಿದೆ. 17ನೇ ಪ್ರಶ್ನೆಯ ಪಾಪ ತೊಳೆಯಲು ಬೇರೆ ದಾರಿ ಕಾಣಲಿಲ್ಲ. 12,000 ಪೂರ್ತಿ ಮಂಡಿಯ ಆದಾಯ ಅಂತ ಬರೆದವರು ತುಂಬಾ ಜನ. ಅದು ರೈತನ ದುಡ್ಡು, ಮಂಡಿಗೆ ಸೇರುವುದು ಕಮಿಷನ್ ಮಾತ್ರ ಅಂತ ಅವರಿಗೆ ಬಿಡಿಸಿ ಹೇಳಿದ್ದು ನಾನಲ್ಲ, ಆ ಹುಡುಗ. ಅವನ ಒಪ್ಪಿಗೆ ಪಡೆದು ಅವನ ವಾಯ್ಸ್ ನೋಟನ್ನೇ ಮುಂದಿನ ಬ್ಯಾಚಿನ ಪಾಠಕ್ಕೆ ಇಟ್ಟುಕೊಂಡಿದ್ದೇನೆ.

ತುಮಕೂರಿನ ಸಾರ್, ನಿಮ್ಮ ಮಾತು ಕೇಳಿ ಎಂಟು ಪಿಡಿಎಫ್‌ನಲ್ಲಿ ಐದನ್ನು ಯೂನಿಕೋಡ್‌ಗೆ ತಂದೆ, ಮೂರು ಬಾಕಿ. ಅರ್ಕಾವತ್ತು ನೀವಂದಂತೆಯೇ ಎಡವಿತು, 'ಖರ್ಚು' ಬರುವ ಕಡೆಯೆಲ್ಲಾ ಕೈಯಲ್ಲೇ ತಿದ್ದಬೇಕಾಯಿತು. ಅಕೌಂಟ್ಸ್‌ನಲ್ಲಿ ಆ ಪದ ಎಷ್ಟು ಸಲ ಬರುತ್ತೆ ಅಂತ ನಿಮಗೇ ಗೊತ್ತು.

ಒಂದು ವಿಷಯ ಇನ್ನೂ ಕೈಗೆ ಬಂದಿಲ್ಲ. 44 ವಾಯ್ಸ್ ನೋಟ್, ಒಂದಕ್ಕೆ ಎರಡು ನಿಮಿಷ. ಬರೀ ಕೇಳುವುದಕ್ಕೇ ಒಂದೂವರೆ ಗಂಟೆ ಬೇಕು. ಪಾತ್ರೆ ತೊಳೆಯುತ್ತಾ ಕೇಳಿ, ಆಮೇಲೆ ಅಂಕ ಬರೆಯುತ್ತಿದ್ದೇನೆ. ಮುಂದಿನ ಸಲ ವಾರಕ್ಕೆ ಅರ್ಧ ಕ್ಲಾಸಿಗೆ ಮಾತ್ರ ಅಂತ ಮಾಡಬೇಕು.

ಕೆರೆ ಕಟ್ಟೆಯ ಹುಡುಗಿ ಈಗ ಸಂಜೆ ಬೆಳಕಿರುವಾಗ ಹೋಗಿ ಕಳಿಸುತ್ತಾಳೆ. ಹಿಂದೆ ಕಪ್ಪೆ ಕೂಗುವುದು ಕೇಳಿಸುತ್ತದೆ. ಈ ವಾರ ಹತ್ತಕ್ಕೆ ಒಂಬತ್ತು ಕೊಟ್ಟೆ, ಕೂಡುವಿಕೆಯಲ್ಲಿ ಒಂದು ಅಂಕ ಹೋಯಿತು. ಆ ಒಂದು ಅಂಕ ಯಾಕೆ ಕಳೆದಿರಿ ಅಂತ ಇನ್ನೊಂದು ವಾಯ್ಸ್ ನೋಟ್ ಬಂದಿದೆ, ಮೂರು ನಿಮಿಷದ್ದು, ಅರ್ಧ ಕನ್ನಡ, ಅರ್ಧ ತೆಲುಗು. ಅದನ್ನಿನ್ನೂ ಪೂರ್ತಿ ಕೇಳಿಲ್ಲ.